ಚೌಕಾಬಾರದಲ್ಲಿ ಹುಟ್ಟಿದ ಇಂಗ್ಲಿಷು

ಕವಡೆ ಎಸೆಯುವ ಮುನ್ನ ಮುಷ್ಟಿಯೊಳಗೆ ಒಮ್ಮೆ ಊದದವರನ್ನು ನಾನಂತೂ ಕಂಡಿಲ್ಲ. ಊದಿದರೆ ಎಂಟು ಬೀಳುತ್ತದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ; ಆದರೂ ಕೈ ತಾನಾಗಿ ಬಾಯಿಯ ಬಳಿ ಹೋಗುತ್ತದೆ. ನನ್ನ ಕೈಗೆ ಇನ್ನೊಂದು ದುರಭ್ಯಾಸವೂ ಉಂಟು, ನಗಬೇಡಿ: ಬಿದ್ದ ಗರ ಹಿಡಿಸದಿದ್ದರೆ ಸೆರಗು ಸರಿಪಡಿಸುವ ನೆಪದಲ್ಲಿ ಒಂದು ಕವಡೆಯನ್ನು ಮೆಲ್ಲಗೆ ಮಗುಚಿಬಿಡುತ್ತೇನೆ. ಹೊರಮಾವಿನ ನಮ್ಮ ಜಗಲಿಯ ಮೇಲೆ ಈ ಒಂದು ವಿದ್ಯೆಯಲ್ಲಿ ನಾನು ಪಾರಂಗತೆ. ಶಾಲೆಯ ವಿದ್ಯೆ ನಾಲ್ಕನೇ ಕ್ಲಾಸಿಗೇ ನನಗೆ ಕೈಮುಗಿದು ಹೊರಟುಹೋಗಿತ್ತು.

ಮೊಮ್ಮಗಳು ಶಿಲ್ಪಾ ಆಗ ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತಿನ ಮಲ್ಲಿ, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಮಾತ್ರ ಮೌನಗೌರಿ. ತಿಂಗಳೊಳಗೆ ಬಾಯಿ ಬಿಡದಿದ್ದರೆ ಮತ್ತೆ ಎರಡನೇ ಕ್ಲಾಸಿನಲ್ಲಿ ಕೂರಿಸುತ್ತೇವೆಂದು ಹೆಡ್‌ಮಿಸ್ಸು ಹೇಳಿಕಳುಹಿಸಿದ ದಿನ ಅವಳು ಊಟ ಬಿಟ್ಟಳು, ನಾನು ಕಾಫಿಯನ್ನೇ ಬಿಟ್ಟೆ. ಪುಣ್ಯಕ್ಕೆ ಅವಳ ಇಂಗ್ಲಿಷ್ ಟೀಚರ್, ಹಲಸೂರಿನ ಸ್ಟೆಲ್ಲಾ ಮಿಸ್ಸು, ಪಾಠವನ್ನು ಆಟದೊಳಗೆ ಬಚ್ಚಿಟ್ಟು ಉಣಿಸುವವರು. ಶನಿವಾರ ಪ್ರತಿ ಮಗುವೂ ಮನೆಯದೊಂದು ಆಟವನ್ನೂ ಜೊತೆಗೊಬ್ಬ ಹಿರಿಯರನ್ನೂ ತರಬೇಕೆಂದರು. ಹಿರಿಯರು ಯಾವ ಭಾಷೆಯನ್ನಾದರೂ ಆಡಬಹುದು. ಮಕ್ಕಳು ಬಾಯಿ ತೆರೆದರೆ ಇಂಗ್ಲಿಷೇ.

ಆ ಶನಿವಾರ ಕ್ಲಾಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕೂತೆವು. ಶಿಲ್ಪಾ ಎಸೆದಳು, ನಡೆಸಿದಳು, ಒಂದಕ್ಷರವಿಲ್ಲ. ಬಾಗಿಲಲ್ಲಿ ಹೆಡ್‌ಮಿಸ್ಸು ಕೈಕಟ್ಟಿ ನಿಂತಿದ್ದರು. ಆಟದ ಅಮಲಿನಲ್ಲಿ ನಾನು ಬಂದ ಉದ್ದೇಶವನ್ನೇ ಮರೆತೆ ಎಂದರೆ ನಂಬುವಿರಾ? ಅವಳ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ; ಅದನ್ನು ಕಡಿಯಲು ನನಗೆ ನಾಲ್ಕು ಬೇಕು, ಬಿದ್ದದ್ದು ಮೂರು. ಸೆರಗು ಸರಿಪಡಿಸಿದೆ. ನಾಲ್ಕಾಯಿತು. ಕಡಿದೇಬಿಟ್ಟೆ.

"ನೋ!" ಕ್ಲಾಸು ಬೆಚ್ಚಿತು. "ಅಜ್ಜೀ, ಇಟ್ ವಾಸ್ ತ್ರೀ! ಐ ಸಾ! ಯೂ ಟಚ್ಡ್!"

"ಏ ಸುಮ್ನಿರೇ, ಗಾಳಿಗೆ ಮಗುಚ್ಕೊಂಡ್ತು."

"ವಾಟ್ ಗಾಳಿ? ಫ್ಯಾನ್ ಈಸ್ ಆಫ್! ಎವ್ರಿ ಡೇ ಯೂ ಆರ್ ಚೀಟಿಂಗ್! ಪುಟ್ ಬ್ಯಾಕ್ ಮೈ ಕಾಯಿ!"

ಹೆಡ್‌ಮಿಸ್ಸು ಕಟ್ಟಿದ ಕೈ ಬಿಟ್ಟು ಬಾಯಿ ಮುಚ್ಚಿಕೊಂಡು ನಕ್ಕರು. ಸ್ಟೆಲ್ಲಾ ಮಿಸ್ಸು ನನ್ನ ಕಿವಿಯಲ್ಲಿ, "ಅಜ್ಜಿ, ದಮ್ಮಯ್ಯ, ಇನ್ನೊಂದ್ಸಲ ಮೋಸ ಮಾಡಿ" ಎಂದರು. ಅಂಥ ಅಪ್ಪಣೆಯನ್ನು ಮೀರುವಷ್ಟು ಅವಿಧೇಯಳೇ ನಾನು? ಆ ಒಂದು ಗಂಟೆಯಲ್ಲಿ ಎಲ್ಲರೆದುರು ನನ್ನ ಮಾನ ಇಂಗ್ಲಿಷಿನಲ್ಲಿ ಹರಾಜಾಯಿತು. ಪುಸ್ತಕದ ಇಂಗ್ಲಿಷು ಯಾರದೋ ಸ್ವತ್ತು. ಕಡಿಸಿಕೊಂಡ ಕಾಯಿ ಮಾತ್ರ ಅವಳದೇ. ತನ್ನದಕ್ಕಾಗಿ ಜಗಳವಾಡುವಾಗ ಮಗುವಿಗೆ ತಪ್ಪಾದೀತೆಂಬ ಭಯ ಎಲ್ಲಿಯದು?

ಹೊರಡುವಾಗ ಹೆಡ್‌ಮಿಸ್ಸು ಡೈರಿಯಲ್ಲೇನೋ ಗೀಚಿಕೊಟ್ಟರು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿ ಕೂತಮೇಲೆ ಅದನ್ನು ಶಿಲ್ಪಾಳ ಕೈಲಿ ಓದಿಸಿದೆ.

"ಶಿಲ್ಪಾ ವಿಲ್ ಸ್ಟೇ ಇನ್ ಥರ್ಡ್ ಸ್ಟ್ಯಾಂಡರ್ಡ್. ಅಂದ್ರೆ ಅಜ್ಜಿ, ನಾನು ಮೂರನೇ ಕ್ಲಾಸಲ್ಲೇ…"

"ಅರ್ಥ ಆಯ್ತು ಕಣೇ. ಇನ್ನೊಂದ್ಸಲ ಇಂಗ್ಲಿಷಲ್ಲೇ ಓದು. ಜೋರಾಗಿ ಓದು, ಆ ಕಂಡಕ್ಟರಿಗೂ ಕೇಳಿಸ್ಲಿ!"