ಕುಂದ್ರಸ್ರಿ ಅಂದರೆ ಕುರ್ಚಿ ಕೊಟ್ಟರು

ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತ ಕೂತಿದ್ದೆ. ಎರಡೂ ಕೈ ಅಂಟಂಟು. ಮೊಬೈಲ್ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಇಂಡಿ ಊರಿನಲ್ಲಿರುವ ನನ್ನ ಅಕ್ಕ ಆಗ ಗಂಡನ ಜೊತೆ ಫ್ರಾನ್ಸ್ ದೇಶಕ್ಕೆ ಹೋಗಿದ್ದಳು. ಮತ್ತೆ ಏನೋ ತೋರಿಸಲು ಫೋನ್ ಮಾಡಿರುತ್ತಾಳೆ, ಕೈ ತೊಳೆದು ಮಾತಾಡಿದರಾಯಿತು ಅಂದುಕೊಂಡೆ. ಮೂರನೆಯ ಸಲ ಬಡಿದಾಗ ಸೆರಗಿನಲ್ಲಿ ಹಿಡಿದು ಎತ್ತಿದೆ.

"ತಂಗೀ, ನಿಮ್ಮ ಮಾಮಾ ಮಾತಾಡವಲ್ರು" ಅಂದಳು ಅಕ್ಕ. "ಇಲ್ಲೇ ಕುರ್ಚಿ ಮ್ಯಾಲೆ ಕುಂತಾರ. ಕುಂತಾರ, ಖರೆ ಮಾತಾಡವಲ್ರು."

ಅವಳ ಹಿಂದೆ ಯಾರೋ ಯಾವುದೋ ಭಾಷೆಯಲ್ಲಿ ಕೂಗುತ್ತಿದ್ದರು. ಅಷ್ಟರಲ್ಲಿ ಕಾಲ್ ಕಟ್ಟಾಯಿತು.

ಮಾಮಾ ಅಂದರೆ ಅಕ್ಕನ ಗಂಡ. ಇಂಡಿಯಲ್ಲಿ ಅವರದು ಬೀಜ, ಗೊಬ್ಬರದ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ಜೋಡಿಯಾಗಿ ಪರದೇಶಕ್ಕೆ ಕರೆದೊಯ್ದು ಊರು ತೋರಿಸಿಕೊಂಡು ಬರುತ್ತಾರೆ. ಈ ಸಲದ ಊರು ನೀಸ್. ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ ನಾವೆಲ್ಲ ಅದನ್ನು ನೈಸ್ ಅನ್ನುತ್ತಿದ್ದೆವು. ಹೊರಡುವ ಮುಂಚೆ ಅವರಿಬ್ಬರೂ ನಮ್ಮೂರು ಬಾಗೇವಾಡಿಗೆ ಬಂದು ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸಿ ನಮ್ಮ ಮನೆಯಲ್ಲಿ ಉಂಡರು.

"ಯಾವ ಊರಿಗ್ರಿ ಅಣ್ಣಾರ?" ಅಂದರು ನಮ್ಮ ಮನೆಯವರು.

"ನೈಸ್."

"ನೈಸ್ ಇರ್ಲಿ ಬಿಡ್ರಿ, ಊರ ಹೆಸರು ಹೇಳ್ರಿ."

"ಊರ ಹೆಸರೇ ನೈಸಪಾ! ನಿಮ್ಮೂರಂಗ ಧೂಳ ತಿನ್ನೂ ಊರಲ್ಲ ಅದು."

ಮಾಮಾ ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಮೊದಲೆರಡು ದಿನ ಅಕ್ಕ ಆ ಊರನ್ನೆಲ್ಲ ನನಗೆ ವಿಡಿಯೊ ಕಾಲಿನಲ್ಲೇ ತಿರುಗಾಡಿಸಿದಳು. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟುಗಟ್ಟಲೆ ಕಲಸಿ ಸುರಿದಂಥ ಸಮುದ್ರ. ದಂಡೆಯಲ್ಲಿ ಮರಳಿಲ್ಲ, ಬರೀ ನುಣುಪು ಗುಂಡುಕಲ್ಲು. ಆ ಕಲ್ಲುಗಳ ಮೇಲೇ ಬಿಸಿಲಿಗೆ ಹೆಂಗಸರು ಗಂಡಸರು ಒಣಹಾಕಿದ ಹಪ್ಪಳದ ಹಾಗೆ ಮಲಗಿದ್ದರು. ದಂಡೆಯ ಉದ್ದಕ್ಕೂ ಅಡ್ಡಾಡಲು ಅಗಲವಾದ ಹಾದಿ, ಅಲ್ಲಿ ಸಮುದ್ರದ ಕಡೆ ಮುಖಮಾಡಿ ಇಟ್ಟ ನೀಲಿ ಕುರ್ಚಿಗಳು. ಯಾರು ಬೇಕಾದರೂ ಕೂರಬಹುದಂತೆ. ಹೂವಿನ ಸಂತೆಯನ್ನೂ ತೋರಿಸಿದಳು. "ಇಷ್ಟಕೊಂದು ಹೂವು ಐತಿ, ಒಂದೂ ದೇವರ ತಲಿಗೆ ಏರೂದಿಲ್ಲ ತಂಗೀ. ಗ್ಲಾಸಿನಾಗ ನಿಂದ್ರಸ್ತಾರಂತ." ಕೋಟೆಗುಡ್ಡ ಅಂತ ಲಿಫ್ಟಿನಲ್ಲಿ ಹತ್ತಿಸಿದರೆ ಮೇಲೆ ಕೋಟೆಯೇ ಇಲ್ಲ, ನೀರು ಧುಮುಕುತ್ತದೆ ಅಷ್ಟೆ. "ಇಲ್ಲದ ಕೋಟಿ ತೋರಿಸಾಕ ಇಲ್ಲೀತನಕ ಕರಕೊಂಡು ಬಂದಾರ" ಎಂದು ಹಿಂದಿನಿಂದ ಮಾಮಾನ ದನಿ ಕೇಳಿಸಿತು.

ಆ ಗುಡ್ಡದಿಂದ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಢಂ ಎಂದು ತೋಪು ಹಾರಿಸುತ್ತಾರೆ. ಮೊದಲ ದಿನ ಇಬ್ಬರೂ ಬೆಚ್ಚಿಬಿದ್ದು ಆಮೇಲೆ ನಕ್ಕಿದ್ದರಂತೆ. ಮೂರನೆಯ ದಿನ ನೀಲಿ ಕುರ್ಚಿಯ ಮೇಲೆ ಪಕ್ಕಪಕ್ಕ ಕೂತಿದ್ದಾಗ ತೋಪು ಹಾರಿತು. ಅಕ್ಕ ಬೆಚ್ಚಿದಳು, ಮಾಮಾ ಬೆಚ್ಚಲಿಲ್ಲ. ಹಾಗೆ ಅವಳಿಗೆ ತಿಳಿಯಿತು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು, ಪೂಜೆಗೆ ಕೂತವರನ್ನು ಕಳಿಸಿದ ಹಾಗೆ ಮಣ್ಣಿಗೆ ಕೊಡುತ್ತೇವೆ. ಜೀವ ಹೋದ ಕೂಡಲೇ ಕಾಲು ಮಡಚಿ ಕೂರಿಸಿಬಿಡಬೇಕು, ತಡವಾದರೆ ಮೈ ಸೆಟೆಯುತ್ತದೆ. ಅತ್ತೆ ಮಾವ ಇಬ್ಬರನ್ನೂ ಹಾಗೆ ಕಳಿಸಿಕೊಟ್ಟವಳು ಅಕ್ಕ. ಅವಳಿಗೆ ಅಲ್ಲಿ ಬೇರೇನೂ ಬೇಕಿರಲಿಲ್ಲ, ಗಂಡನನ್ನು ಕೂರಿಸಬೇಕಿತ್ತು.

ಗುಂಪಿನ ಜೊತೆ ಪುಣೆಯ ಹುಡುಗಿಯೊಬ್ಬಳು ಮೇಲ್ವಿಚಾರಣೆಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಅಕ್ಕ ತನಗೆ ಬಂದಷ್ಟು ಹಿಂದಿಯಲ್ಲಿ, ಕೈಸನ್ನೆ ಮಾಡುತ್ತ, "ಬೈಠನಾ, ಬೈಠನಾ" ಎಂದು ಅವಳಿಗೆ ಹೇಳಿದಳಂತೆ. ಆ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ನರ್ಸಿಗೆ ತಿಳಿಸಿದಳು.

"ಅವ್ರನ್ನ ಕುಂದ್ರಸ್ರಿ ಅಂದ್ರ ನಂಗ ಕುರ್ಚಿ ತಂದು ಕೊಟ್ರು ತಂಗೀ" ಎಂದು ಅಕ್ಕ ಆ ಸಂಜೆ ಹೇಳಿದಳು. "ಬಾಜೂಕ ಹಾಕಿ, ಹೆಗಲ ಮ್ಯಾಲೆ ಕೈ ಇಟ್ಟು ಕುಂದ್ರಿಸಿದ್ರು. ಕುಡಿಯಾಕ ನೀರು ಕೊಟ್ರು. ಅಷ್ಟು ಚಲೋ ಮಂದಿ. ನಾನೂ ಏನೂ ತಿಳೀದ ಕುಂತುಬಿಟ್ಟೆ. ಆಮ್ಯಾಲೆ ಅವ್ರನ್ನ ಮಲಗಿಸಿಕೊಂಡ ಒಯ್ದ್ರು."

ಮರುದಿನ ನಮ್ಮ ಮನೆಯವರು ಆ ಹುಡುಗಿಗೆ ಫೋನ್ ಮಾಡಿ ವಿಷಯ ಬಿಡಿಸಿ ಹೇಳಿದರು. ಅವಳು ಅತ್ತಳು. ಹೆಣವನ್ನು ಆಗಲೇ ತಣ್ಣನೆಯ ಪೆಟ್ಟಿಗೆಗೆ ಸೇರಿಸಿಯಾಗಿತ್ತು.

ಗುಂಪು ಮುಂದಿನ ಊರಿಗೆ ಹೋಯಿತು. ಕಾಗದಪತ್ರ ಆಗುವತನಕ ಅಕ್ಕನೂ ಆ ಹುಡುಗಿಯೂ ಅಲ್ಲೇ ಉಳಿದರು, ಆರು ದಿನ. ಕಚೇರಿಗೆ, ಆಸ್ಪತ್ರೆಗೆ ಹೋಗಬೇಕಾದರೆ ಅದೇ ದಂಡೆ, ಅದೇ ಹೂವಿನ ಸಂತೆ. "ಊರು ನೋಡಾಕ ಬಂದಿದ್ನಲ್ಲ, ದಿನಾ ಎರಡೆರಡು ಸಲ ನೋಡಾಕತ್ತೇನಿ" ಅನ್ನುತ್ತಿದ್ದಳು. ತೋಪು ಹಾರುವ ಹೊತ್ತಿಗೆ ರೂಮಿನ ಕಿಟಕಿ ಹಾಕಿಕೊಂಡು, ದಿಂಬು ಕಿವಿಗೊತ್ತಿ ಕೂರುತ್ತಿದ್ದಳಂತೆ.

ನಾನು ದೇವರು ಕೊಟ್ಟ ಸಣ್ಣಪುಟ್ಟದ್ದನ್ನು ಎಣಿಸುವವಳು. ಪಕ್ಕದಲ್ಲೇ ಹೆಂಡತಿ ಇದ್ದಳು, ಮಾಮಾ ಒಂಟಿಯಾಗಿ ಸಾಯಲಿಲ್ಲ. ನರಳಲಿಲ್ಲ. ಆ ಹುಡುಗಿ ಬಿಟ್ಟುಹೋಗಲಿಲ್ಲ. ಇವನ್ನೆಲ್ಲ ಅಕ್ಕನಿಗೂ ಹೇಳಿದೆ. "ಕುಂತಲ್ಲೇ ಹೋದ್ರಲ್ಲಕ್ಕಾ, ಶಿವನೇ ಕುಂದ್ರಿಸಿಕೊಂಡು ಕರಕೊಂಡಾನ" ಅಂದೆ.

"ಬಾಯಿ ಮುಚ್ಚು. ನಿನ್ನ ಗಂಡ ಮನ್ಯಾಗ ಅದಾನ" ಅಂದಳು.

ಅವಳು ಅಂದದ್ದು ಸರಿಯಿತ್ತು.

ಏಳನೆಯ ದಿನ ವಿಮಾನದಲ್ಲಿ ಮುಂಬೈಗೆ, ಅಲ್ಲಿಂದ ಸೊಲ್ಲಾಪುರದ ಮೇಲೆ ಆಂಬುಲೆನ್ಸಿನಲ್ಲಿ ಇಂಡಿಗೆ ಬಂದರು. ಹೊಲದಲ್ಲಿ ಕೂರಿಸುವ ಅಳತೆಗೆ ಚೌಕನೆಯ ಗುಣಿ ತೋಡಿಟ್ಟಿದ್ದರು. ಪೆಟ್ಟಿಗೆ ಬಿಚ್ಚಿದಾಗ, ಹೆಣ ಕೆಡದಿರಲೆಂದು ಹಾಕಿದ ಔಷಧದ ವಾಸನೆ. ಮುಖ ಮಾತ್ರ ಸ್ವಚ್ಛವಾಗಿತ್ತು, ತಲೆ ಬಾಚಿದ್ದರು. ಅಲ್ಲಿಯ ಯಾರೋ ಬೈತಲೆಯನ್ನು ತಪ್ಪು ಕಡೆಗೆ ತೆಗೆದಿದ್ದರು. ಅಕ್ಕ ಕೈಯಿಂದಲೇ ಅದನ್ನು ಸರಿಮಾಡಿದಳು.

ನಾಲ್ಕು ಜನ ಗಂಡಸರು ಮಾಮಾನ ಕಾಲು ಮಡಚಲು ನೋಡಿದರು. ಮಣಿಯಲಿಲ್ಲ. ಇನ್ನೊಮ್ಮೆ ಒತ್ತಿದಾಗ ಬಂದ ಸದ್ದನ್ನು ನಾನು ಬರೆಯಲಾರೆ.

"ಸಾಕು ಬಿಡ್ರಿ" ಅಂದರು ಮಠದ ಅಜ್ಜಾರು. "ಮಲಗಿಸೇ ಇಡ್ರಿ. ಲಿಂಗ ಅಂಗೈಯಾಗ ಇದ್ರ ಆತು."

"ಅಜ್ಜಾರ, ನಾ ಅಲ್ಲಿ ಹೇಳಿದ್ನಿರಿ" ಅಂದಳು ಅಕ್ಕ.

"ನೀ ಹೇಳಿರ್ತಿ ತಾಯಿ. ತಪ್ಪು ನಿಂದಲ್ಲ."

ಆದರೆ ಗುಣಿ ಚಿಕ್ಕದು. ಹೆಣವನ್ನು ಬೇವಿನ ನೆರಳಿನಲ್ಲಿಟ್ಟು ಇಬ್ಬರು ಮತ್ತೆ ಅಗೆಯಲು ಇಳಿದರು. ಬೇಸಿಗೆಯ ಎರೆ ಮಣ್ಣು ಕಲ್ಲಾಗಿರುತ್ತದೆ, ಸಲಿಕೆ ಜಾರುತ್ತಿತ್ತು. ಅಷ್ಟು ಜನ ಬಿಸಿಲಿನಲ್ಲಿ ನಿಂತು ಕಾದರು. ಅಗೆಯುವವನೊಬ್ಬ ಇಷ್ಟು ಸಾಕೇನ್ರಿ ಎಂದು ತಲೆಯೆತ್ತಿದ. ಅಕ್ಕನೇ ಮುಂದೆ ಹೋಗಿ ಬಗ್ಗಿ ನೋಡಿದಳು.

"ಇನ್ನೊಂದೀಟು ಉದ್ದ ತೋಡಪಾ. ಎತ್ತರದವ್ರು ಅದಾರ. ಇಕ್ಕಟ್ಟ ಆಗಬಾರದು."

ಲಿಂಗವನ್ನು ಅಂಗೈಯಲ್ಲಿಟ್ಟರೂ ಬೆರಳು ಮುಚ್ಚಲಿಲ್ಲ. ಅಜ್ಜಾರು ಲಿಂಗ ಕಟ್ಟುವ ಶಿವದಾರದಿಂದಲೇ ಅದನ್ನು ಕೈಗೆ ಸುತ್ತಿ ಕಟ್ಟಿದರು.

ಮರುದಿನ ಬೆಳಿಗ್ಗೆ ಬಂದವರೆಲ್ಲ ಹೋದ ಮೇಲೆ ಅಕ್ಕ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಕಾಲು ಮಡಚಿರಲಿಲ್ಲ, ಉದ್ದಕ್ಕೆ ಚಾಚಿದ್ದಳು.

"ಅವ್ರಿಗೆ ನನ್ನ ಮ್ಯಾಲೆ ಸಿಟ್ಟು ಬಂದಿರತೈತೇನ ತಂಗೀ?"

ಯಾವಾಗಲೂ ಏನಾದರೊಂದು ಸಮಾಧಾನ ನನ್ನ ನಾಲಿಗೆಯ ತುದಿಯಲ್ಲಿರುತ್ತದೆ. ಅವತ್ತು ಅವಳ ಪಾದ ಹಿಡಿದುಕೊಂಡು ಕೂತೆ.

ಓಣಿಯಲ್ಲಿ ಯಾರೋ ನಳ ಬಂತೆಂದು ಕೂಗಿದರು. ವಾರದ ಮೇಲೆ ಬಂದ ನೀರು, ಮನೆಯಲ್ಲಿ ಒಂದು ಕೊಡವೂ ತುಂಬಿರಲಿಲ್ಲ. ನಾನೆದ್ದು ಕೊಡಗಳನ್ನು ಎತ್ತಿಕೊಂಡು ಹೋಗಿ ತೊಳೆಯತೊಡಗಿದೆ.