ರಂಜಿತಳ ‘ಸೇರಿಸು’ ಬಟನ್

ನನ್ನ ನಾದಿನಿ ರಂಜಿತ ಏನು ಕೆಲಸ ಮಾಡುತ್ತಾಳೆ ಎಂದು ಪಣಕಹಳ್ಳಿಯಲ್ಲಿ ಯಾರಾದರೂ ಕೇಳಿದರೆ, ನಮ್ಮತ್ತೆ ಶಾಂತಮಲ್ಲಮ್ಮ “ಫೋನಲ್ಲಿ ಅಂಗ್ಡಿ ಕಟ್ತಾಳ” ಎಂದು ಮುಗಿಸಿಬಿಡುತ್ತಾರೆ. ಪೂರ್ತಿ ತಪ್ಪೇನಲ್ಲ. ಉಪ್ಪಿನಿಂದ ಹಿಡಿದು ಮಂಚದವರೆಗೆ ಎಲ್ಲ ಮಾರುವ ಒಂದು ದೊಡ್ಡ ಕಂಪನಿಯ ಆಪ್‌ಗೂ ವೆಬ್‌ಸೈಟಿಗೂ ಬೇಕಾದ ಬಿಡಿಭಾಗಗಳನ್ನು ಅವಳು ವಿನ್ಯಾಸ ಮಾಡುತ್ತಾಳೆ. ಬಟನ್, ವಿಳಾಸ ತುಂಬುವ ಚೌಕ, ಬೆಲೆ ತೋರಿಸುವ ಚೀಟಿ, ಇಂಥವು. ಒಂದು ಬಟನ್ನನ್ನು ಸರಿಯಾಗಿ ಮಾಡಿಟ್ಟರೆ ಸೋಪಿನ ಪುಟದಲ್ಲೂ ಅದೇ, ಸೀರೆಯ ಪುಟದಲ್ಲೂ ಅದೇ. ಚೆನ್ನಾಗಿದ್ದರೆ ನಲವತ್ತು ಕಡೆ ಚೆನ್ನ, ಕೆಟ್ಟಿದ್ದರೆ ನಲವತ್ತು ಕಡೆಯೂ ಕೆಟ್ಟದ್ದು.

ನಮ್ಮದು ತಮಿಳು ಸೀಮೆಯೊಳಗಿನ ಕನ್ನಡದ ಊರು. ಅವಳು ಓದಿದ್ದು ತಾಳವಾಡಿಯ ಕನ್ನಡ ಶಾಲೆಯಲ್ಲಿ, ಆಮೇಲೆ ಸತ್ಯಮಂಗಲದ ಕಾಲೇಜಿನಲ್ಲಿ. ಕೊಯಮತ್ತೂರಿನಲ್ಲಿ ಎರಡು ವರ್ಷ ದುಡಿದು ಈ ಕಂಪನಿ ಸೇರಿದಳು. ಕೊರೊನಾ ಕಾಲದಲ್ಲಿ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಮಹಡಿಯ ಕೋಣೆಯಲ್ಲಿ, ಜೋಳದ ತೆನೆ ಗುಡ್ಡೆ ಹಾಕುತ್ತಿದ್ದ ಜಾಗದಲ್ಲಿ, ಅವಳ ಮೇಜು. ಬೆಳಿಗ್ಗೆ ಹೊಲಕ್ಕೆ ಹೋಗಿ ತರಕಾರಿಗೆ ನೀರು ಬಿಟ್ಟು ಬಂದು ಒಂಬತ್ತಕ್ಕೆ ಚೆನ್ನೈಯವರೊಂದಿಗೆ ಮಾತಿಗೆ ಕೂರುತ್ತಾಳೆ. ಊರು ಬಿಡುವ ಆಸೆ ಅವಳಿಗಿಲ್ಲ. ಆದರೆ ಆಫೀಸಿನವರು ಮನೆಯಿಂದ ಕೆಲಸವನ್ನು ಕಾಯಂ ಮಾಡದೆ, ವರ್ಷವರ್ಷವೂ ಇನ್ನೊಂದು ವರ್ಷ, ಇನ್ನೊಂದು ವರ್ಷ ಎಂದು ತಳ್ಳುತ್ತಲೇ ಇದ್ದರು. ಈ ವರ್ಷ ಅವಳ ಮೇಲಿನವರಾದ ರೇವತಿ ಅವರು ಸ್ಪಷ್ಟವಾಗಿ ಹೇಳಿದರು. ಹೊಸ ‘ಸೇರಿಸು’ ಬಟನ್ ಹಬ್ಬದ ಮಾರಾಟದೊಳಗೆ ತೊಂದರೆಯಿಲ್ಲದೆ ಆಪ್‌ಗೆ ಹತ್ತಿದರೆ ಪಣಕಹಳ್ಳಿಯಲ್ಲೇ ಕಾಯಂ, ಇಲ್ಲದಿದ್ದರೆ ಚೆನ್ನೈ.

ಅವಳಿಗಿಂತ ಹೆಚ್ಚು ಹೆದರಿದವಳು ನಾನು. ನಾನು ಮೈಸೂರಿನಲ್ಲಿ ಬೆಳೆದವಳು. ಮಗಳಿಗೆ ಹದಿನಾಲ್ಕು ತಿಂಗಳು. ನನ್ನ ಗಂಡ ನಂಜುಂಡಸ್ವಾಮಿ ಟೊಮೆಟೊ ಲೋಡಿನ ಜೊತೆ ಹೊರಟರೆ ಮರುದಿನವೇ ಮನೆ ಸೇರುವುದು. ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಮಗುವಿನ ಮೈ ಸ್ವಲ್ಪ ಬಿಸಿಯಾದರೂ ಸ್ಕೂಟರಿನಲ್ಲಿ ಕೂರಿಸಿಕೊಂಡು ತಾಳವಾಡಿಯ ಆಸ್ಪತ್ರೆಗೆ ಕರೆದೊಯ್ಯುವವಳು ರಂಜಿತ. ಹಾಗಾಗಿ ಆ ಬಟನ್ ಪಾಸಾಗಲಿ ಎಂದು ದಿನವೂ ದೇವರಿಗೆ ಕೈಮುಗಿಯುತ್ತಿದ್ದೆ.

ಹಳೆಯ ಬಟನ್ನಿನಲ್ಲಿ ಎಷ್ಟು ಬೇಕೆಂದು ಪಟ್ಟಿಯಿಂದ ಅಂಕಿ ಆರಿಸಬೇಕಿತ್ತು. ಹೊಸದು ಇಷ್ಟೇ. ಮೊದಲಿಗೆ ‘ಸೇರಿಸು’ ಎಂದು ಕಾಣುತ್ತದೆ. ಒತ್ತಿದರೆ ಅದೇ ಜಾಗದಲ್ಲಿ ಒಂದು ಎಂಬ ಅಂಕಿ, ಅದರ ಒಂದು ಪಕ್ಕ ಕಳೆಯುವ ಗುರುತು, ಇನ್ನೊಂದು ಪಕ್ಕ ಕೂಡುವ ಗುರುತು ಬರುತ್ತವೆ. ಫೋನಿನ ಸಣ್ಣ ಪರದೆಯಲ್ಲೂ ಬೆರಳಿಗೆ ಸಿಗಬೇಕು, ಕಂಪ್ಯೂಟರಿನಲ್ಲೂ ಚೆನ್ನಾಗಿ ಕಾಣಬೇಕು. ನಾಲ್ಕು ತಿಂಗಳು ಅದಕ್ಕೇ ಕೂತಿದ್ದಳು. ಚೆನ್ನೈಯಲ್ಲಿ ಅರವತ್ತು ಜನರ ಕೈಲಿ ಒತ್ತಿಸಿ ನೋಡಿದ್ದರು. ಒಬ್ಬರೂ ಎಡವಿರಲಿಲ್ಲ.

ಹೊಸ ಬಟನ್ನನ್ನು ಮೊದಲು ಹಾಕಿ ನೋಡುವ ಪರೀಕ್ಷೆಯ ಆಪ್ ಅತ್ತೆಯ ಫೋನಿನಲ್ಲೂ ಇತ್ತು, ಅದರಲ್ಲಿ ನಿಜವಾದ ಆರ್ಡರನ್ನೇ ಹಾಕಬಹುದಿತ್ತು. ಪಾರ್ಸೆಲ್ ತರುವ ವ್ಯಾನು ದಿಂಬಂ ಘಾಟಿ ಹತ್ತಿ ವಾರಕ್ಕೆ ಎರಡೇ ಸಲ ಬರುವುದರಿಂದ, ನಮ್ಮ ಕೇರಿಯ ನಾಲ್ಕೈದು ಮನೆಯವರು ಒಟ್ಟಾಗಿ ಒಂದೇ ಆರ್ಡರ್ ಹಾಕುತ್ತಾರೆ. ಹಾಕುವವರು ಅತ್ತೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಣೆಯಲ್ಲೇ, ಜಗಲಿಯಲ್ಲಿ ಫೋನ್ ಹಿಡಿದು ಕೂತರೆ ಒಬ್ಬೊಬ್ಬರೇ ಬಂದು ಹೇಳಿ ಹೋಗುತ್ತಾರೆ.

ಹೊಸ ಬಟನ್ ಬಂದ ಮೇಲೆ ಪ್ರತಿ ಪಾರ್ಸೆಲಿನಲ್ಲೂ ಒಂದೊಂದು ಹೆಚ್ಚು ಬರತೊಡಗಿತು. ಮೂರು ಸೋಪು ಬೇಕಾದಲ್ಲಿ ನಾಲ್ಕು, ಎರಡು ಎಣ್ಣೆಗೆ ಮೂರು. ಎರಡು ವಾರ ಸಹಿಸಿಕೊಂಡ ಎದುರು ಮನೆಯ ಮಂಚಮ್ಮ ಮೂರನೆಯ ವಾರ ಸೊಂಟಕ್ಕೆ ಕೈಯಿಟ್ಟು ನಿಂತರು. “ಏನಕ್ಕ, ನಿನ್ ಮಗ್ಳ ಕಂಪ್ನಿ ಉದ್ಧಾರ ಆಗ್ಲಿ ಅಂತ ನಮ್ ತಲ ಮ್ಯಾಲ ಒಂದೊಂದು ಜಾಸ್ತಿ ಕಟ್ತಿದ್ದಿಯಾ?”

ಅತ್ತೆಗೆ ಸಿಟ್ಟು ಬಂತು. ತಾನು ಎಣಿಸಿಯೇ ಒತ್ತಿದ್ದು, ಆಪ್ ಸುಳ್ಳು ಹೇಳುತ್ತಿದೆ ಎಂದು ವಾದಿಸಿದರು. ರಂಜಿತ ತಾಯಿಯ ಪಕ್ಕ ಕೂತು, ಮೂರು ಸೋಪು ಹಾಕು ಎಂದಳು. ಅತ್ತೆ ‘ಸೇರಿಸು’ ಒತ್ತಿದರು. ಬಾಯಿ ತೆರೆಯಲಿಲ್ಲ. ಆಮೇಲೆ ಕೂಡುವ ಗುರುತನ್ನು ಒತ್ತುತ್ತಾ “ಲಾಭ, ಎರಡು, ಮೂರು” ಎಂದರು. ಪರದೆಯ ಮೇಲೆ ನಾಲ್ಕಿತ್ತು. ಅವರು ಅತ್ತ ನೋಡಲೇ ಇಲ್ಲ.

“ಮೊದಲ್ನೇ ಸಲ ಒತ್ತಿದ್ದಾ?” ಎಂದು ರಂಜಿತ ಕೇಳಿದಳು.

“ಅದು ಚೀಲದ ಬಾಯಿ ಬಿಚ್ಚೋದು ಇದ್ದಂಗ ಕಣಮ್ಮಿ. ಅದ್ನ ಯಾರ್ ಎಣುಸ್ತಾರ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಈ ಮನೆಯಲ್ಲಿ ರಾಗಿ ಅಳೆಯುವಾಗ ಮೊದಲ ಸೇರನ್ನು ಮನೆದೇವರು ಮಾದಪ್ಪನ ಹೆಸರಿನಲ್ಲಿ ಮೊರಕ್ಕೆ ಸುರಿದು ಪಕ್ಕಕ್ಕಿಡುತ್ತಾರೆ. ಅದು ಲೆಕ್ಕಕ್ಕಿಲ್ಲ. ಅದರ ನಂತರದ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಲ್ಲಿಂದ ಎರಡು, ಮೂರು. ಎಣಿಕೆ ಬಾಯಲ್ಲಿರುತ್ತದೆ, ಕಣ್ಣು ರಾಶಿಯ ಮೇಲಿರುತ್ತದೆ. ಐವತ್ತು ವರ್ಷ ಹಾಗೆ ಅಳೆದ ಕೈ ಫೋನಿನಲ್ಲೂ ಹಾಗೇ ಅಳೆಯುತ್ತಿತ್ತು.

ಒಬ್ಬರ ಅಭ್ಯಾಸವೋ ಎಲ್ಲರದೋ ಎಂದು ರಂಜಿತ ಎರಡು ದಿನ ಪಣಕಹಳ್ಳಿ, ಹತ್ತಿರದ ದೊಡ್ಡಗಾಜನೂರಿನ ಮನೆಗಳಿಗೆ ಹೋಗಿ ಹೆಂಗಸರಿಂದ ಒತ್ತಿಸಿದಳು. ಹನ್ನೊಂದು ಜನರಲ್ಲಿ ಏಳು ಜನ ಮೊದಲನೆಯದನ್ನು ಎಣಿಸಲಿಲ್ಲ. ಬಂದವಳೇ ರೇವತಿ ಅವರಿಗೆ ಎಲ್ಲ ಬರೆದು, ಬಟನ್ ವಾಪಸ್ ತೆಗೆದುಕೊಳ್ಳಬೇಕು ಎಂದು ಕಳಿಸಿದಳು.

ನನಗೆ ತಡೆಯಲಾಗಲಿಲ್ಲ. ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಕಾಯಂ ಆಗುತ್ತಿತ್ತಲ್ಲ, ಆಮೇಲೆ ಸರಿ ಮಾಡಬಹುದಿತ್ತಲ್ಲ ಎಂದೆ. ಮಗು, ಜ್ವರ, ರಸ್ತೆ, ಎಲ್ಲ ಹೇಳಿದೆ. ಹಬ್ಬದಲ್ಲಿ ಇದೇ ಬಟನ್ ನಲವತ್ತು ಪುಟಕ್ಕೆ ಹೋಗುತ್ತದೆ, ನಮ್ಮ ಕಡೆಯವರಿಗೆಲ್ಲ ಒಂದೊಂದು ಹೆಚ್ಚು ಬರುತ್ತದೆ ಎಂದಷ್ಟೇ ಹೇಳಿ ಅವಳು ಮಹಡಿ ಹತ್ತಿದಳು.

ರೇವತಿ ಅವರು ನಂಬಲಿಲ್ಲ. ಕಣ್ಣಾರೆ ನೋಡುತ್ತೇನೆ, ಗುರುವಾರ ಹನ್ನೊಂದಕ್ಕೆ ನಿಮ್ಮ ತಾಯಿಯನ್ನು ವಿಡಿಯೊದಲ್ಲಿ ಕೂರಿಸಿ ಎಂದರು. ಬುಧವಾರ ರಂಜಿತ ಹೊಲದಲ್ಲಿದ್ದಾಗ ನಾನು ಅತ್ತೆಯನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಪಾಠ ಮಾಡಿದೆ. ಬಾಯಲ್ಲಿ ಎಣಿಸಬೇಡಿ ಅತ್ತೆ, ಅಂಕಿ ನೋಡಿ, ಮೂರು ಕಂಡರೆ ಕೈ ತೆಗೆಯಿರಿ ಎಂದೆ. ಹತ್ತು ಸಲ ಒತ್ತಿಸಿದೆ.

“ಅವ್ಳು ಇಲ್ಲೇ ಇರ್ಬೇಕು ಅಂದ್ರ ನಾನು ನೋಡ್ಕೊಂಡು ಒತ್ಬೇಕು, ಅಷ್ಟೇಯಾ?” ಎಂದರು ಅತ್ತೆ.

ಅಷ್ಟೇ ಎಂದೆ.

ಗುರುವಾರ ಪರದೆಯ ಆ ಕಡೆ ರೇವತಿ ಅವರ ಜೊತೆ ಇನ್ನೂ ಐದಾರು ಜನರಿದ್ದರು. ರೇವತಿ ಅವರು ತಮಿಳಿನಲ್ಲಿ, ಅಮ್ಮಾ, ಮೂರು ಸೋಪು ಹಾಕಿ ಎಂದರು. ಅತ್ತೆ ಕನ್ನಡಕ ಏರಿಸಿ, ತುಟಿ ಬಿಗಿಹಿಡಿದು, ಒಂದೊಂದೇ ಒತ್ತಿ ಮೂರಕ್ಕೆ ನಿಲ್ಲಿಸಿದರು. ಸರಿಯಾಗಿದೆಯಲ್ಲ, ಮತ್ತೇನು ತೊಂದರೆ ಎಂದು ಆ ಕಡೆಯಿಂದ ಯಾರೋ ಕೇಳಿದರು.

ರಂಜಿತ ತಾಯಿಯ ಮುಖ ನೋಡಿದಳು, ಆಮೇಲೆ ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತ ನನ್ನನ್ನು. “ಅವ್ವ, ಅತ್ಗೆ ಏಳ್ಕೊಟ್ಟಂಗ ಬ್ಯಾಡ. ರಾಗಿ ಅಳೀತೀಯಲ್ಲ, ಅಂಗ ಒತ್ತು.”

“ಅಂಗ್ ಒತ್ತಿದ್ರ ನಿನ್ನ ಕರ್ಕೊಂಡು ಓಯ್ತಾರಂತ.”

“ಓದ್ರ ಓಯ್ತೀನಿ. ಒತ್ತವ್ವ.”

ಅತ್ತೆ ಕನ್ನಡಕ ತೆಗೆದು ಸೆರಗಿನ ಮೇಲಿಟ್ಟು, ‘ಸೇರಿಸು’ ಒತ್ತಿ, ಅದರ ಮುಂದಿನದಕ್ಕೆ ಲಾಭ ಎಂದು ಶುರು ಮಾಡಿದರು. ನಾಲ್ಕು. ಆ ಕಡೆಯವರು ಸೀರೆಯ ಪುಟ ತೆಗೆಸಿದರು, ಅಲ್ಲೂ ಒಂದು ಹೆಚ್ಚು. ರೇವತಿ ಅವರು ಮೊದಲನೆಯದನ್ನೇಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಅತ್ತೆ ತಮಿಳಿನಲ್ಲಿ ಕಾಲು ಗಂಟೆ ರಾಗಿ ಅಳೆಯುವುದನ್ನು ವಿವರಿಸಿದರು.

ಹಬ್ಬದ ಮಾರಾಟಕ್ಕೆ ಹಳೆಯ ಬಟನ್ನೇ ಉಳಿಯಿತು. ರಂಜಿತಳಿಗೆ ಪಣಕಹಳ್ಳಿ ಕಾಯಂ ಆಗಲಿಲ್ಲ. ರೇವತಿ ಅವರು ವಾದಿಸಿ ಮೇಲಿನವರನ್ನು ಒಪ್ಪಿಸಿದ್ದು ಇಷ್ಟು: ತಿಂಗಳಿಗೆ ಹತ್ತು ದಿನ ಚೆನ್ನೈ, ಉಳಿದದ್ದು ಪಣಕಹಳ್ಳಿ, ಅದೂ ಒಂದು ವರ್ಷಕ್ಕೆ ಮಾತ್ರ. ಬಟನ್ನನ್ನು ರಂಜಿತ ಮತ್ತೆ ಬರೆದಳು. ‘ಸೇರಿಸು’ ಎಂಬ ಪದವೇ ಇಲ್ಲ, ಶುರುವಿನಿಂದಲೇ ಎರಡು ಗುರುತುಗಳ ನಡುವೆ ಸೊನ್ನೆ ಕಾಣುತ್ತದೆ. ಚೀಲದ ಬಾಯಿ ಬಿಚ್ಚುವ ಒತ್ತೇ ಇಲ್ಲದ್ದರಿಂದ ಮೊದಲ ಒತ್ತಿಗೇ ಲಾಭ. ಸಣ್ಣ ಫೋನಿನಲ್ಲಿ ಜಾಗ ಸಾಲದೆ ಒಂದು ತಿಂಗಳು ಒದ್ದಾಡಿದಳು. ಅಂದು ತಪ್ಪಿದ ಏಳು ಹೆಂಗಸರಲ್ಲಿ ಆರು ಜನ ಈಗ ಸರಿಯಾಗಿ ಒತ್ತುತ್ತಾರೆ. ಒಬ್ಬರದು ಇನ್ನೂ ಯಾಕೆ ತಪ್ಪುತ್ತದೆ ಎಂಬುದು ಗೊತ್ತಾಗಿಲ್ಲ.

ಮೊದಲ ಸಲ ಚೆನ್ನೈಗೆ ಹೊರಟ ದಿನ ಅವಳ ಬ್ಯಾಗಿಗೆ ಚಪಾತಿ ಕಟ್ಟಿ ಹಾಕುತ್ತಾ, ನನ್ನ ಮೇಲೆ ಸಿಟ್ಟಿದೆಯಾ ಎಂದು ಕೇಳಿದೆ.

“ನೀವ್ ಏಳ್ಕೊಟ್ಟಿದ್ದು ಒಳ್ಳೇದೇ ಆಯ್ತು ಅತ್ಗೆ,” ಎಂದಳು. “ಏಳ್ಕೊಟ್ರ ಅವ್ವನ್ಗೂ ಬತ್ತದ ಅಂತ ಗೊತ್ತಾಯ್ತು. ಆದ್ರ ಏಳ್ಕೊಡಕ ಎಲ್ಲಾರ್ ಮನಲೂ ನೀವ್ ಇರಲ್ವಲ್ಲ.”

ಬಸ್ ಬಂತು. ಮಗಳಿಗೆ ಆ ಹತ್ತು ದಿನವೂ ಜ್ವರ ಬರಲಿಲ್ಲ. ಬಂದರೆ ಏನು ಮಾಡುವುದೆಂದು ನಾನೀಗ ನಂಜುಂಡಸ್ವಾಮಿಯಿಂದ ಗಾಡಿ ಕಲಿಯುತ್ತಿದ್ದೇನೆ. ತಾಳವಾಡಿ ರಸ್ತೆಯ ಮೊದಲ ತಿರುವಿನವರೆಗೆ ಹೋಗಿ ಬರುತ್ತೇನೆ.