ಎಲೆಚಿಟ್ಟೆಯ ಕೆಳಗಿನ ಚೀಟಿ

ಆ ಚೀಟಿಗಳನ್ನು ಕಿತ್ತವನು ನಾನು. ಕಿತ್ತು, ಬಚ್ಚಲ ಒಲೆಗೆ ಹಾಕಿ, ಆ ಬೆಂಕಿಯಲ್ಲಿ ಕಾದ ನೀರಿನಲ್ಲಿ ನೆಮ್ಮದಿಯಾಗಿ ಸ್ನಾನ ಮಾಡಿದವನೂ ನಾನೇ. ಅವು ಬೆಳ್ಯಪ್ಪನವರ ಕೈಬರಹದ ಚೀಟಿಗಳು. ಒಂದೊಂದು ಚಿಟ್ಟೆಯ ಕೆಳಗೂ, ಅದೇ ಸೂಜಿಗೆ ಚುಚ್ಚಿದ್ದ ಬೆರಳಿನ ಉಗುರಿನಷ್ಟು ಕಾಗದ. ಅದರ ಮೇಲೆ ಪೆನ್ಸಿಲಿನಲ್ಲಿ ಕನ್ನಡ. ನೆನಪಿರುವುದು ಒಂದೇ, ಅದೂ ಯಾವ ಚಿಟ್ಟೆಯದೆಂದು ಮರೆತಿದ್ದೇನೆ: ‘ಗಾಳಿಬೀಡು, ತೊರೆ ಬದಿ, ಆಟಿ ತಿಂಗಳು ಕಳೆದು ಮೂರನೇ ದಿನ. ಹಿಡಿದವ ಬೆಳ್ಯಪ್ಪ.’

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ನಾನು ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್ — ಅಂದರೆ ಹಾಜರಿ ಬರೆಯುವ ಗುಮಾಸ್ತ. ನನ್ನ ದೃಷ್ಟಿಯಲ್ಲಿ ಮಾತ್ರ ಸಾಕ್ಷಾತ್ ಚಿತ್ರಗುಪ್ತ. ನಮ್ಮ ಬಿಳಿಯ ದೊರೆ ಎಸ್ಟೇಟು ಮಾರಿ ವಿಲಾಯಿತಿಗೆ ಹೊರಟ. ಬಂಗಲೆ ಖಾಲಿಯಾಗುವಾಗ ಜನ ಕೋವಿ, ಪಿಂಗಾಣಿ, ಕನ್ನಡಿ ಬೀರುಗಳ ಹಿಂದೆ ಬಿದ್ದರು. ಗೋಡೆಯ ಮೇಲಿದ್ದ ಚಿಟ್ಟೆಗಳ ಗಾಜಿನ ಚೌಕಟ್ಟುಗಳು ಯಾರಿಗೂ ಬೇಕಿರಲಿಲ್ಲ. ಹೊಸ ಯಜಮಾನರು, “ಈ ಸತ್ತ ಹುಳಗಳನ್ನ ನೀವೇ ತಗೊಂಡೋಗಿ ರೈಟರೇ, ಮನೆಗೆ ಲಕ್ಷಣ ಅಲ್ಲ” ಎಂದರು. ನಮ್ಮ ಮನೆಗೆ ಲಕ್ಷಣವಾದೀತೆಂದು ತಂದೆ. ಆಮೇಲೆ ಚಟ ಹತ್ತಿತು. ಹುದಿಕೇರಿ ಕಡೆಯ ಬಂಗಲೆ ಖಾಲಿಯಾದರೂ ನಾನು ಹಾಜರು. ಹಳೆಯ ತೇಗದ ಚೌಕಟ್ಟು ಒರೆಸುವುದು, ಒಳಗೆ ಕರ್ಪೂರ ಹಾಕುವುದು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಅಡುಗೆಮನೆಯ ಹೊಗೆಗೆ ತೂಗುಹಾಕುವುದು — ಸಂಸಾರಕ್ಕಿಂತ ಶ್ರದ್ಧೆಯಿಂದ ಮಾಡಿದೆ.

ದೊರೆಯ ಚಿಟ್ಟೆಗಳನ್ನೆಲ್ಲ ಹಿಡಿದವರು ಗಾಳಿಬೀಡಿನ ಬೆಳ್ಯಪ್ಪ, ಅರೆಭಾಷೆ ಗೌಡರು, ಆಗ ನಲವತ್ತು ದಾಟಿದವರು. ಎಲೆಚಿಟ್ಟೆ ಕೂತರೆ ಒಣಗಿದ ಎಲೆ, ಹಾರಿದರೆ ನೀಲಿ. ಅದಕ್ಕಾಗಿ ಕೊಳೆತ ಹಲಸಿನ ತೊಳೆ ಇಟ್ಟು ದಿನಗಟ್ಟಲೆ ಜಿಗಣೆಗಳಿಗೆ ರಕ್ತದಾನ ಮಾಡುತ್ತ ಕಾಯುತ್ತಿದ್ದರು. ಸೆಟೆದ ಚಿಟ್ಟೆಯನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಮೆದುಮಾಡಿ, ಹಲಗೆಯ ಮೇಲೆ ರೆಕ್ಕೆ ಬಿಡಿಸಿ, ಕಾಗದದ ಪಟ್ಟಿಯಿಂದ ಬಿಗಿಯುವಾಗ ಒಂದು ಕಣ ಪುಡಿಯೂ ಉದುರುತ್ತಿರಲಿಲ್ಲ. ದೊರೆ ಮಾಡಿದ್ದು? ಪೈಪು ಸೇದುತ್ತ ನೋಡಿದ್ದು. ಆದರೂ ಆ ಮನುಷ್ಯ ಚೀಟಿಗಳನ್ನು ಮುಟ್ಟಲಿಲ್ಲ — ಅದಕ್ಕೆ ನಾನು ಬೇಕಾಯಿತು.

ಏಕೆ ಕಿತ್ತೆ? ಪೆನ್ಸಿಲಿನ ಕನ್ನಡ ಕಂಡರೆ ವಸ್ತು ‘ಅಸಲಿ’ ಅನ್ನಿಸುವುದಿಲ್ಲವೆಂದು. ನೋಡಿ, ಎಂಥ ತಲೆ! ಬಿಳಿಯರು ಹೋದ ಮೇಲೆ ಬಿಳಿಯರಿಗಾಗಿ ಕಸ ಗುಡಿಸುವ ತಲೆ. ಕಾಗದವನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ ಹಳೆಯದು ಮಾಡಿದೆ. ಎಸ್ಟೇಟಿನಲ್ಲೆಲ್ಲ ಹೆಸರಾಗಿದ್ದ ನನ್ನ ದುಂಡು ಇಂಗ್ಲಿಷ್ ಅಕ್ಷರದಲ್ಲಿ ಎಲ್ಲದಕ್ಕೂ ದೊರೆಯ ಹೆಸರು ಬರೆದೆ. ಸ್ಥಳದ ಜಾಗದಲ್ಲಿ ಎಲ್ಲದಕ್ಕೂ ‘ಅಮ್ಮತ್ತಿ’. ಅಮ್ಮತ್ತಿಯಲ್ಲಿ ಎಂದೂ ಹಾರದ ಚಿಟ್ಟೆಗೆ ಅಮ್ಮತ್ತಿಯ ರಹವಾಸಿ ಪತ್ರ.

ಇಷ್ಟಕ್ಕೇ ನಿಂತಿದ್ದರೆ ನನ್ನನ್ನು ಬರೀ ಮೂರ್ಖನೆನ್ನಬಹುದಿತ್ತು. ನಿಲ್ಲಲಿಲ್ಲ.

ಎರಡು ವರ್ಷದ ಮೇಲೆ ವಸ್ತುಸಂಗ್ರಹಾಲಯವೊಂದರ ಅಧಿಕಾರಿ ನಮ್ಮ ಮನೆಗೆ ಬಂದರು. ಎಲೆಚಿಟ್ಟೆಯ ಮುಂದೆ ಬಹಳ ಹೊತ್ತು ನಿಂತು, “ಇದನ್ನು ಹಿಡಿದು ಬಿಡಿಸಿದ ಕೈ ಬೇಕು ನಮಗೆ. ಕಾಡು ಬಲ್ಲವರು. ಕಾಯಂ ಕೆಲಸ, ಇರಲು ಮನೆ” ಎಂದರು. ದೊರೆ ಹೋದಾಗಿನಿಂದ ಬೆಳ್ಯಪ್ಪ ಬೇಲಿ ಕಟ್ಟುವ ಕೂಲಿಗೆ ಹೋಗುತ್ತಿದ್ದರು. ಯಾರೋ ಅವರಿಗೆ ಸುದ್ದಿ ಮುಟ್ಟಿಸಿದರು. ಮರುದಿನ ಅಧಿಕಾರಿ ಮತ್ತೆ ನಮ್ಮಲ್ಲಿಗೆ ಬಂದಿದ್ದಾಗ ಬೆಳ್ಯಪ್ಪ ಒಗೆದ ಅಂಗಿ ತೊಟ್ಟು ಬಸ್ಸಿನಲ್ಲಿ ಬಂದರು.

“ಎಲ್ಲ ನಾನ್ ಹಿಡ್ದದ್ ಸಾರ್. ಅಡೀಲಿ ನನ್ನ ಚೀಟಿ ಉಂಟು, ತೆಗ್ದು ನೋಡಿ” ಎಂದರು.

ಅಧಿಕಾರಿ ಚೌಕಟ್ಟು ಬಿಚ್ಚಿಸಿದರು. ಸೂಜಿ ಎತ್ತಿದರು. ಕೆಳಗೆ ನಾನು.

“ಇದರಲ್ಲಿ ದೊರೆಯ ಹೆಸರಿದೆಯಲ್ಲ, ಏನು ರೈಟರೇ?”

ಆಗ ನಾನು ಹೇಳಿದೆ — ಎಷ್ಟು ಸಲ ಬಾಯಲ್ಲಿ ಮರಳಿ ಬಂದಿದೆ ಈ ಮಾತು, ವಾಂತಿಯ ಹಾಗೆ — “ಇವನು ಬಲೆ ಹೊರುತ್ತಿದ್ದವನು ಸಾರ್. ಪಾಪ, ಹೆಸರಿನ ಆಸೆ.”

‘ಪಾಪ’ ಎಂದೂ ಸೇರಿಸಿದೆ. ನಾನು ದಯಾಳು.

ಅಧಿಕಾರಿ ಕೋಟು ಹಾಕಿದ ನನ್ನನ್ನು ನಂಬಿದರು. ಎಲೆಚಿಟ್ಟೆಯನ್ನು ನನ್ನ ಚೀಟಿಯ ಸಮೇತ ಒಯ್ದರು. ಕೆಲಸ ಬೇರೆ ಊರಿನವನ ಪಾಲಾಯಿತು. ಜಗುಲಿಯ ಮೆಟ್ಟಿಲಲ್ಲಿ ಬೆಳ್ಯಪ್ಪ ನನ್ನ ಕಡೆ ತಿರುಗಿದರು. ಇಂಗ್ಲಿಷ್ ಬಾರದಿದ್ದರೂ ಆ ಅಕ್ಷರದ ಗುರುತು ಅವರಿಗಿತ್ತು. ಎಷ್ಟೋ ವರ್ಷ ಚೆಕ್‌ರೋಲ್ ಎನ್ನುವ ಹಾಜರಿ ಪುಸ್ತಕದಲ್ಲಿ ನೋಡಿದ್ದರು.

“ಚೆಕ್ರೋಲಿಲಿ ನನ್ನ ಹೆಸ್ರ್ ಇದೇ ಕೈಲಿ ಬರೀತಿದ್ರಿ. ಇಲ್ಲಿ ಬರಿಯಕ್ಕೆ ಎಂಥ ಆಗಿತ್ತ್ ನಿಮ್ಗೆ?”

ಮೆಟ್ಟಿಲಿಳಿದು ಹೋದರು. ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು! ನನ್ನ ಮೆಟ್ಟಿಲಲ್ಲಿ ನಿಂತು ನನ್ನನ್ನೇ ಕೇಳುವುದೇ, ಎಂದು. ಆ ಸಿಟ್ಟನ್ನು ವರ್ಷಗಟ್ಟಲೆ ಚಿಟ್ಟೆಗಳಂತೆಯೇ ಕರ್ಪೂರ ಹಾಕಿ ಕಾಪಾಡಿದೆ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಅಂದೇ ಅಂದಳು: “ಹುಳ ತಿನ್ನಬಾರದು ಅಂತ ಕರ್ಪೂರ ಹಾಕ್ತೀರಿ. ನೀವು ತಿಂದಿದ್ದಕ್ಕೆ ಏನು ಹಾಕ್ತೀರಿ?” ಅವಳ ಮೇಲೂ ರೇಗಿದೆ.

ಬೆಳ್ಯಪ್ಪ ಬೇಲಿ ಕಟ್ಟುತ್ತಲೇ ತೀರಿಕೊಂಡರು. ಗಾಳಿಬೀಡು ಕಾಶಿಯಲ್ಲ, ಬಸ್ಸಿತ್ತು, ನನಗೆ ಕಾಲಿತ್ತು, ಭಾನುವಾರಗಳಿದ್ದವು. ಹೋಗಲಿಲ್ಲ. ಇದಕ್ಕೆ ಕಾರಣ ಹುಡುಕಲಾರೆ — ಹುಡುಕಿದರೆ ಸಿಕ್ಕಿಬಿಡುತ್ತದೆ, ಅಷ್ಟು ಜಾಣ ನಾನು.

ಈ ವರ್ಷ ವಸ್ತುಸಂಗ್ರಹಾಲಯಕ್ಕೆ ಕಾಗದ ಬರೆದೆ: ಚೀಟಿ ಸುಳ್ಳು, ಬರೆದವನು ನಾನು, ಹಿಡಿದವರು ಗಾಳಿಬೀಡಿನ ಬೆಳ್ಯಪ್ಪ, ಹಿಡಿದ ದಿನ ಇನ್ನು ಯಾರಿಗೂ ತಿಳಿಯದು. ಜವಾಬು ಬಂದಿಲ್ಲ. ಉಳಿದ ಚೌಕಟ್ಟುಗಳಲ್ಲಿ ಚೆಂದದ್ದೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗಾಳಿಬೀಡಿಗೆ ಹೋದೆ. ಅವರ ಮಗಳು ಸೀತಮ್ಮ ಅಂಗಳದಲ್ಲಿ ಕಾಫಿ ಹರವುತ್ತಿದ್ದರು. ನಾನು ಯಾರೆಂದು, ಏನು ಮಾಡಿದೆನೆಂದು, ಒಂದನ್ನೂ ಬಿಡದೆ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

“ಗೊತ್ತುಂಟು. ಅಪ್ಪ ಹೇಳಿದ್ದ್ರು.”

ಚೌಕಟ್ಟನ್ನು ಮುಂದೆ ಚಾಚಿದೆ.

“ಅಪ್ಪ ನಿಮ್ಮಲ್ಲಿಗೆ ಬಂದದ್ ಕೆಲ್ಸಕ್ಕೆ. ಹುಳಕ್ಕಲ್ಲ. ತಗೊಂಡೋಗಿ ರೈಟರೇ, ನಾಲ್ಕರ ಬಸ್ ತಪ್ಪಿದ್ರೆ ಬೇರೆ ಇಲ್ಲ.”

ಕ್ಷಮಿಸಿ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ನುಂಗಿದೆ. ಕೇಳಿದ್ದರೆ, ನನ್ನನ್ನು ಹಗುರಮಾಡುವ ಕೂಲಿಯೂ ಅವರ ಮನೆಯವರ ತಲೆಗೇ ಬೀಳುತ್ತಿತ್ತು.